ಕಡಲ ಕೆಸರಿನಲ್ಲಿ ಔಷಧದ ಹುಡುಕಾಟ

ಆಸ್ಪತ್ರೆಗೆ ದಾಖಲಾದ ರೋಗಿಯ ರಕ್ತವನ್ನೋ ಮೂತ್ರವನ್ನೋ ‘ಕಲ್ಚರ್’ ಪರೀಕ್ಷೆಗೆ ಕಳುಹಿಸಿದರೆ ಎರಡು ಮೂರು ದಿನಗಳ ಬಳಿಕ ಒಂದು ವರದಿ ಕೈಸೇರುತ್ತದೆ. ಅದರಲ್ಲಿ ಹತ್ತಿಪ್ಪತ್ತು ಔಷಧಗಳ ಹೆಸರುಗಳಿದ್ದು, ಪ್ರತಿಯೊಂದರ ಎದುರಿಗೆ ಒಂದು ಅಕ್ಷರವಿರುತ್ತದೆ. ‘ಎಸ್’ ಎಂದಿದ್ದರೆ ರೋಗಾಣು ಆ ಔಷಧಕ್ಕೆ ಮಣಿಯುತ್ತದೆ. ‘ಆರ್’ ಎಂದಿದ್ದರೆ ಮಣಿಯುವುದಿಲ್ಲ. ಮೂವತ್ತು ನಲವತ್ತು ವರ್ಷಗಳ ಹಿಂದೆ ವೈದ್ಯರು ಈ ವರದಿಗಾಗಿ ಕಾಯದೆಯೇ ಧೈರ್ಯದಿಂದ ಔಷಧ ಬರೆಯುತ್ತಿದ್ದರು. ಇಂದು ದೊಡ್ಡ ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಆರ್’ ಅಕ್ಷರವೇ ತುಂಬಿದ ವರದಿಗಳು ಅಪರೂಪವಲ್ಲ. ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 2019ನೆಯ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಜಗತ್ತಿನಾದ್ಯಂತ 12 ಲಕ್ಷ 70 ಸಾವಿರ ಜನರು ಅಸುನೀಗಿದರು. ಇಂತಹ ಸೋಂಕು ಒಂದಲ್ಲ ಒಂದು ರೀತಿಯಲ್ಲಿ ಪಾಲುಗೊಂಡಿದ್ದ ಸಾವುಗಳು ಸುಮಾರು 49 ಲಕ್ಷ 50 ಸಾವಿರ.

ಹೀಗಿರುವಾಗ ಹೊಸ ಔಷಧಗಳು ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ಉತ್ತರವನ್ನರಸಿ ಕೆಲವು ವಿಜ್ಞಾನಿಗಳು ಕಡಲಿನ ತಳಕ್ಕಿಳಿದಿದ್ದಾರೆ. ನಮ್ಮ ಓದುಗರಲ್ಲಿ ಬಹುಪಾಲು ಬಯಲುಸೀಮೆಯ ಒಕ್ಕಲುಮಕ್ಕಳು. ಕಡಲಿಗಿಂತ ಮಣ್ಣು ಹೆಚ್ಚು ಪರಿಚಿತ. ಆದುದರಿಂದ ನಾವು ಮಣ್ಣಿನಿಂದಲೇ ಆರಂಭಿಸುವುದು ಲೇಸು.

ಬೇಸಗೆಯ ಕೊನೆಯಲ್ಲಿ ಮೊದಲ ಮಳೆ ಎರೆಭೂಮಿಯ ಮೇಲೆ ಬಿದ್ದೊಡನೆ ಏಳುವ ಸುವಾಸನೆಯನ್ನು ಅರಿಯದವರಿಲ್ಲ. ಆ ವಾಸನೆಗೆ ಮುಖ್ಯ ಕಾರಣ ‘ಜಿಯೋಸ್ಮಿನ್’ ಎಂಬ ವಸ್ತು. ಅದನ್ನು ತಯಾರಿಸುವವು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು. ಬೂಷ್ಟಿನಂತೆ ಎಳೆಎಳೆಯಾಗಿ ಹಬ್ಬುವ, ಬೀಜಕಣಗಳನ್ನು ಉದುರಿಸುವ ಈ ಜೀವಿಗಳು ಆಕ್ಟಿನೋಮೈಸೀಟ್ ಎಂಬ ದೊಡ್ಡ ಬಳಗಕ್ಕೆ ಸೇರಿದವು. ಒಂದು ಹಿಡಿ ಮಣ್ಣಿನಲ್ಲಿ ಆಹಾರ ಕಡಿಮೆ, ಉಣ್ಣುವ ಬಾಯಿಗಳು ಅಸಂಖ್ಯ. ಅಂತಹ ಇಕ್ಕಟ್ಟಿನಲ್ಲಿ ನೆರೆಯವರನ್ನು ದೂರವಿಡಲು ಅವು ಹೊರಸೂಸುವ ರಾಸಾಯನಿಕಗಳನ್ನೇ ನಾವು ಪ್ರತಿಜೈವಿಕ, ಅಂದರೆ ಆಂಟಿಬಯೋಟಿಕ್ ಎಂದು ಕರೆದು ಔಷಧವಾಗಿ ಬಳಸುತ್ತೇವೆ. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ಯುವಕ ಇದೇ ಬಳಗದ ಒಂದು ಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದನು. ಕ್ಷಯರೋಗಕ್ಕೆ ದೊರೆತ ಮೊದಲ ಪರಿಣಾಮಕಾರಿ ಪ್ರತಿಜೈವಿಕವದು. ಅದರ ಬೆನ್ನಿಗೇ ವಿಷಮಶೀತಜ್ವರವನ್ನು ಗೆದ್ದ ಕ್ಲೋರಾಂಫೆನಿಕಾಲ್, ಟೆಟ್ರಾಸೈಕ್ಲಿನ್, ಎರಿಥ್ರೊಮೈಸಿನ್ ಒಂದೊಂದಾಗಿ ಮಣ್ಣಿನಿಂದಲೇ ಬಂದವು.

ಎರಡು ದಶಕಗಳ ಬಳಿಕ ಈ ಒರತೆ ಬತ್ತತೊಡಗಿತು. ಮಣ್ಣಿನಲ್ಲಿ ಔಷಧಗಳು ಮುಗಿದವೆಂದಲ್ಲ. ಹುಡುಕಿದಷ್ಟೂ ಹಳೆಯ ವಸ್ತುಗಳೇ ಮರಳಿ ಮರಳಿ ಸಿಗತೊಡಗಿದವು. ಸಾವಿರ ಜೀವಿಗಳನ್ನು ಬೆಳೆಸಿ, ತಿಂಗಳುಗಟ್ಟಲೆ ಶೋಧಿಸಿದ ಮೇಲೆ ಕೈಗೆ ಬಂದದ್ದು ಮತ್ತದೇ ಸ್ಟ್ರೆಪ್ಟೊಮೈಸಿನ್ ಎಂದಾದರೆ ಯಾವ ಕಂಪನಿ ತಾನೇ ಹಣ ಹೂಡೀತು?

ಕಡಲಿನ ಕಡೆಗೆ ಮೊದಲು ದೃಷ್ಟಿ ಹರಿಸಿದವರಲ್ಲಿ ಇಟಲಿಯ ಜುಸೆಪ್ಪೆ ಬ್ರೊಟ್ಸು ಅವರ ಕಥೆ ಸ್ವಾರಸ್ಯಕರವಾದುದು. ಇವರು ಸಾರ್ಡಿನಿಯಾ ದ್ವೀಪದ ಕಾಲ್ಯಾರಿ ನಗರದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರು. ನಗರದ ಚರಂಡಿ ನೀರು ನೇರವಾಗಿ ಕಡಲಿಗೆ ಸೇರುತ್ತಿತ್ತು. ಆ ನೀರಿನಲ್ಲೇ ಜನ ಈಜುತ್ತಿದ್ದರು. ಆದರೂ ನಿರೀಕ್ಷಿಸಿದಷ್ಟು ವಿಷಮಶೀತಜ್ವರ ಅವರಲ್ಲಿ ಕಾಣುತ್ತಿರಲಿಲ್ಲ. ಚರಂಡಿಯ ರೋಗಾಣುಗಳನ್ನು ಕೊಲ್ಲುವ ಮತ್ತೊಂದು ಜೀವಿ ಆ ನೀರಿನಲ್ಲಿರಬೇಕೆಂದು ಬ್ರೊಟ್ಸು ತರ್ಕಿಸಿದರು. 1945ರಲ್ಲಿ, ಯುದ್ಧದ ಬೇಗೆ ಇನ್ನೂ ಆರದಿದ್ದ ಕಾಲದಲ್ಲಿ, ಚರಂಡಿಯ ಬಾಯಿಯ ಬಳಿಯ ಕಡಲ ನೀರನ್ನು ತಂದು ಸಾಕಿದಾಗ ಒಂದು ಶಿಲೀಂಧ್ರ ದೊರೆಯಿತು. ಅದರ ರಸ ವಿಷಮಶೀತಜ್ವರದ ರೋಗಾಣುವನ್ನು ತಡೆಯಿತು. ಹಣವಿಲ್ಲ, ಉಪಕರಣವಿಲ್ಲ, 1948ರಲ್ಲಿ ತಮ್ಮ ಶೋಧವನ್ನು ಸ್ಥಳೀಯವಾದೊಂದು ಸಣ್ಣ ಪ್ರಕಟಣೆಯಲ್ಲಿ ಅಚ್ಚು ಹಾಕಿಸಿ, ಶಿಲೀಂಧ್ರವನ್ನು ಆಕ್ಸ್‌ಫರ್ಡಿಗೆ ಕಳುಹಿಸಿದರು. ಅಲ್ಲಿ ಎಡ್ವರ್ಡ್ ಏಬ್ರಹಾಂ ಮತ್ತು ಗೈ ನ್ಯೂಟನ್ ಅದರಿಂದ ‘ಸೆಫಲೋಸ್ಪೋರಿನ್ ಸಿ’ ಎಂಬ ವಸ್ತುವನ್ನು ಬೇರ್ಪಡಿಸಿದರು. ಇಂದು ನಮ್ಮ ಊರಿನ ಔಷಧದ ಅಂಗಡಿಯಲ್ಲಿ ದೊರೆಯುವ ಸೆಫಲೆಕ್ಸಿನ್, ಸೆಫಿಕ್ಸಿಮ್ ಮಾತ್ರೆಗಳು, ಆಸ್ಪತ್ರೆಯ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು, ಇವೆಲ್ಲವೂ ಆ ಚರಂಡಿ ಬಾಯಿಯ ಶಿಲೀಂಧ್ರದ ಸಂತತಿಯೇ. ದುರ್ದೈವವೆಂದರೆ ನಮ್ಮ ಕರುಳಿನಲ್ಲಿಯೇ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಅನೇಕ ತಳಿಗಳು ಈ ಔಷಧಗಳನ್ನು ತುಂಡರಿಸುವ ಕಿಣ್ವಗಳನ್ನು ಈಗಾಗಲೇ ಗಳಿಸಿಕೊಂಡಿವೆ.

ಬ್ರೊಟ್ಸು ಅವರಿಗೆ ದೊರೆತದ್ದು ಶಿಲೀಂಧ್ರ, ಬ್ಯಾಕ್ಟೀರಿಯಾ ಅಲ್ಲ. ಅದು ನಿಜವಾಗಿಯೂ ಕಡಲಿನದೋ ಅಥವಾ ನೆಲದಿಂದ ಕೊಚ್ಚಿಕೊಂಡು ಹೋದದ್ದೋ ಎಂಬ ಸಂದೇಹವೂ ಉಂಟು. ಈ ಸಂದೇಹ ಸಣ್ಣದಲ್ಲ. ಮಣ್ಣಿನ ಆಕ್ಟಿನೋಮೈಸೀಟ್‌ಗಳ ಬೀಜಕಣಗಳು ನದಿಗಳ ಮೂಲಕ ಸದಾ ಕಡಲನ್ನು ಸೇರುತ್ತಲೇ ಇರುತ್ತವೆ. ಕಡಲ ಕೆಸರಿನಲ್ಲಿ ಸಿಗುವವು ಅವೇ ಆಗಿದ್ದರೆ, ಮಣ್ಣಿನಲ್ಲಿ ಸಿಕ್ಕ ಔಷಧಗಳೇ ಅಲ್ಲಿಯೂ ಸಿಕ್ಕಾವು; ಅಷ್ಟು ದೂರ ಹೋದದ್ದು ವ್ಯರ್ಥ. ಅನೇಕ ದಶಕಗಳ ಕಾಲ ಬಹುತೇಕ ತಜ್ಞರು ಹಾಗೆಯೇ ನಂಬಿದ್ದರು.

ನಡುವೆ ಕೆಲವರು ನಂಬದೆಯೂ ಇದ್ದರು. ಕ್ಲೋರಾಂಫೆನಿಕಾಲ್ ನೀಡುವ ಜೀವಿಯನ್ನು ವೆನೆಜುವೆಲಾದ ಮಣ್ಣಿನಲ್ಲಿ ಗುರುತಿಸಿದ್ದ ಪಾಲ್ ಬರ್ಕ್‌ಹೋಲ್ಡರ್ ಅವರೇ 1966ರಲ್ಲಿ ಪೋರ್ಟೊರಿಕೊ ತೀರದ ಕಡಲಹುಲ್ಲಿನ ಮೇಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಹೊಸ ಪ್ರತಿಜೈವಿಕವೊಂದನ್ನು ವರದಿ ಮಾಡಿದರು. ಅದರ ಒಂದು ಅಣುವಿನಲ್ಲಿ ಬ್ರೋಮಿನ್‌ನ ಐದು ಪರಮಾಣುಗಳು! ನೆಲದ ಜೀವಿಗಳಲ್ಲಿ ಇಂತಹ ರಚನೆ ಅಪೂರ್ವ. ಕಡಲ ನೀರಿನಲ್ಲಿ ಕ್ಲೋರಿನ್ ಮತ್ತು ಬ್ರೋಮಿನ್ ಉಪ್ಪುಗಳು ಹೇರಳವಾಗಿರುವುದರಿಂದ ಅಲ್ಲಿನ ಜೀವಿಗಳು ಅವನ್ನು ತಮ್ಮ ರಸಾಯನದಲ್ಲಿ ಧಾರಾಳವಾಗಿ ಹೆಣೆಯುತ್ತವೆ. ಅದು ಔಷಧವಾಗಲಿಲ್ಲ, ಆದರೆ ಕಡಲಿನ ಅಡುಗೆಮನೆ ಬೇರೆ ಎಂಬುದು ತಿಳಿಯಿತು. ಜಪಾನಿನಲ್ಲಿ ಯೋಶಿರೊ ಒಕಾಮಿ ಮತ್ತವರ ಸಂಗಡಿಗರು ಸಗಾಮಿ ಕೊಲ್ಲಿಯ ಕೆಸರಿನ ಜೀವಿಗಳಿಗೆ ಒಣಗಿಸಿದ ಕಡಲಪಾಚಿಯ ಪುಡಿಯನ್ನೂ ಉಪ್ಪನ್ನೂ ಬೆರೆಸಿದ ತೆಳುವಾದ ಆಹಾರವನ್ನು ಕೊಟ್ಟು ನೋಡಿದರು. ಪುಷ್ಟಿಕರ ಆಹಾರವುಂಡಾಗ ಸುಮ್ಮನಿದ್ದ ಜೀವಿ, ಈ ಬಡ ಊಟದಲ್ಲಿ ‘ಅಪ್ಲಾಸ್ಮೊಮೈಸಿನ್’ ಎಂಬ ಪ್ರತಿಜೈವಿಕವನ್ನು ತಯಾರಿಸಿತು. 1976ರ ಈ ಶೋಧವನ್ನು ನಾವು ವಿಶೇಷವಾಗಿ ಎತ್ತಿ ಹೇಳುವುದೇಕೆಂದರೆ, ಹೊಟ್ಟೆ ತುಂಬಿದವನಿಗೆ ಆಯುಧ ಬೇಕಿಲ್ಲವೆಂಬ ಸೂಕ್ಷ್ಮವನ್ನು ಪ್ರಯೋಗಾಲಯಗಳು ಬಹುಕಾಲ ಮರೆತಿದ್ದವು.

ಮೇಲಿನ ಸಂದೇಹಕ್ಕೆ ತೆರೆ ಎಳೆದವರು ಅಮೆರಿಕದ ಸ್ಯಾನ್ ಡಿಯಾಗೊ ಬಳಿಯ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯ ವಿಲಿಯಂ ಫೆನಿಕಲ್ ಮತ್ತು ಪಾಲ್ ಜೆನ್ಸನ್. 1989ರಲ್ಲಿ ಬಹಾಮಾ ದ್ವೀಪಗಳ ಸುತ್ತಲಿನ ಕಡಲ ತಳದಿಂದ ಅವರು ಮರಳು ಕೆಸರನ್ನು ಸಂಗ್ರಹಿಸಿದರು. ಇಂತಹ ಕೆಸರನ್ನು ಸಂಸ್ಕರಿಸುವ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳಿತು. ಮೊದಲು ಕೆಸರನ್ನು ಒಣಗಿಸುತ್ತಾರೆ, ಇಲ್ಲವೆ ಕೆಲವು ನಿಮಿಷಗಳ ಕಾಲ ಸುಮಾರು 55 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡುತ್ತಾರೆ. ಬಿರುಸಾಗಿ ಬೆಳೆಯುವ ಸಾಧಾರಣ ಬ್ಯಾಕ್ಟೀರಿಯಾಗಳು ಇದರಿಂದ ಸಾಯುತ್ತವೆ. ಗಟ್ಟಿ ಬೀಜಕಣಗಳುಳ್ಳ ಆಕ್ಟಿನೋಮೈಸೀಟ್‌ಗಳು ಉಳಿಯುತ್ತವೆ. ಕಳೆಯನ್ನು ಮೊದಲೇ ಸುಟ್ಟು ಬೆಳೆಗೆ ಎಡೆ ಮಾಡಿಕೊಟ್ಟಂತೆ. ಬಳಿಕ ಕಡಲ ನೀರಿನಲ್ಲಿಯೇ ಸಿದ್ಧಪಡಿಸಿದ ಅಗರ್ ತಟ್ಟೆಗಳ ಮೇಲೆ ಅದನ್ನು ಹರಡಿ ಕಾಯುತ್ತಾರೆ. ರೋಗಾಣುಗಳು ರಾತ್ರಿ ಕಳೆಯುವುದರೊಳಗೆ ಬೆಳೆದರೆ ಇವು ವಾರಗಳನ್ನು ತೆಗೆದುಕೊಳ್ಳುತ್ತವೆ. ಅವಸರದವರಿಗೆ ಈ ವಿದ್ಯೆ ಒಲಿಯದು.

ಬಹಾಮಾದ ತಟ್ಟೆಗಳಲ್ಲಿ ಕಿತ್ತಳೆ ಬಣ್ಣದ ವಸಾಹತುಗಳು ಮೂಡಿದವು. ಬೀಜಕಣಗಳು ಬಲಿತಂತೆ ಕಪ್ಪಾದವು. ಅವುಗಳನ್ನು ಸಿಹಿನೀರಿನ ಅಗರ್ ಮೇಲೆ ಬೆಳೆಸಲು ಯತ್ನಿಸಿದಾಗ ಬೆಳೆಯಲೇ ಇಲ್ಲ. ಕಡಲ ಉಪ್ಪಿಲ್ಲದೆ ಬದುಕಲಾರದ ಜೀವಿ ನೆಲದಿಂದ ಕೊಚ್ಚಿ ಬಂದದ್ದಾಗಿರಲು ಹೇಗೆ ಸಾಧ್ಯ? ಈ ಸರಳವಾದ ಪರೀಕ್ಷೆಯೇ ಹಳೆಯ ನಂಬಿಕೆಯನ್ನು ಮುರಿಯಿತು. ಆ ಬಳಗಕ್ಕೆ 2005ರಲ್ಲಿ ‘ಸ್ಯಾಲಿನಿಸ್ಪೋರ’ ಎಂದು ವಿಧಿವತ್ತಾಗಿ ನಾಮಕರಣವಾಯಿತು. ಅದರ ಒಂದು ಪ್ರಭೇದದಿಂದ 2003ರಲ್ಲಿ ದೊರೆತ ‘ಸ್ಯಾಲಿನೋಸ್ಪೊರಮೈಡ್ ಎ’ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದಾಗಿ ಕಂಡು, ಮೆದುಳಿನ ಕ್ಯಾನ್ಸರ್ ರೋಗಿಗಳ ಮೇಲಿನ ಪ್ರಯೋಗದವರೆಗೂ ಸಾಗಿತು. ಆದರೆ ಅವರ ಆಯುಸ್ಸನ್ನು ಹೆಚ್ಚಿಸಲಿಲ್ಲ. ಇನ್ನೊಂದು ಪ್ರಭೇದವು ರಿಫಮೈಸಿನ್ ತಯಾರಿಸುತ್ತದೆ. ಕ್ಷಯರೋಗಿಗಳು ನುಂಗುವ, ಮೂತ್ರವನ್ನು ಕೆಂಪಾಗಿಸುವ ರಿಫಾಂಪಿಸಿನ್ ಮಾತ್ರೆಯ ಮೂಲವಸ್ತು ಇದೇ. ಅಲ್ಲಿಯವರೆಗೆ ಅದು ನೆಲದ ಸೊತ್ತೆಂದೇ ತಿಳಿದಿದ್ದೆವು.

2007ರಲ್ಲಿ ಸ್ಯಾಲಿನಿಸ್ಪೋರದ ಸಂಪೂರ್ಣ ವಂಶವಾಹಿ ಲಿಪಿಯನ್ನು ಓದಲಾಯಿತು. ಸುಮಾರು 52 ಲಕ್ಷ ಅಕ್ಷರಗಳ ಆ ಲಿಪಿಯಲ್ಲಿ ಹತ್ತಿರ ಹತ್ತಿರ ಹತ್ತನೆಯ ಒಂದು ಭಾಗ ಇಂತಹ ವಿಶೇಷ ರಾಸಾಯನಿಕಗಳ ತಯಾರಿಕೆಗೇ ಮೀಸಲು. ಅವುಗಳಲ್ಲಿ ಹಲವನ್ನು ಜೀವಿ ಪ್ರಯೋಗಾಲಯದಲ್ಲಿ ತಯಾರಿಸುವುದೇ ಇಲ್ಲ. ವಿದ್ಯೆ ಬಲ್ಲದು, ಆದರೆ ಬಾಯಿ ಬಿಡದು. ಇದಕ್ಕೂ ಒಂದು ಉಪಾಯವನ್ನು ಕಂಡುಕೊಳ್ಳಲಾಗಿದೆ. 2014ರಲ್ಲಿ ಬ್ರಾಡ್ಲಿ ಮೂರ್ ಅವರ ತಂಡ ಕಡಲಿನ ಮತ್ತೊಂದು ಆಕ್ಟಿನೋಮೈಸೀಟ್‌ನಲ್ಲಿ ಮೌನವಾಗಿದ್ದ ವಂಶವಾಹಿಗಳ ಗುಂಪನ್ನು ಹಾಗೆಯೇ ಕತ್ತರಿಸಿ, ಸಾಕಿ ಪಳಗಿಸಿದ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನೊಳಗೆ ಇಟ್ಟಿತು. ಆ ದತ್ತುತಾಯಿ ‘ಟಾರೊಮೈಸಿನ್’ ಎಂಬ ಹೊಸ ಪ್ರತಿಜೈವಿಕವನ್ನು ಹೆತ್ತಳು.

ಕಡಲ ನೀರಿನ ಒಂದು ಮಿಲಿಲೀಟರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾಗಳಿರಬಹುದು. ಆದರೆ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವವು ನೂರಕ್ಕೆ ಒಂದೂ ಅಲ್ಲ. ಅವುಗಳಿಗೆ ತಮ್ಮ ನೆರೆಹೊರೆ ಬೇಕು. 2002ರಲ್ಲಿ ಬೋಸ್ಟನ್ ಬಳಿಯ ವಿಜ್ಞಾನಿಗಳು ಬ್ಯಾಕ್ಟೀರಿಯಾಗಳನ್ನು ಎರಡು ತೆಳು ಪೊರೆಗಳ ನಡುವೆ ಬಂಧಿಸಿ, ಪುನಃ ಕಡಲ ಕೆಸರಿನ ಮೇಲೆಯೇ ಇರಿಸಿದರು. ಪೊರೆಯ ರಂಧ್ರಗಳಿಂದ ಆಹಾರ ಒಳಸೇರಬಲ್ಲದು, ಜೀವಿ ಹೊರಹೋಗಲಾರದು. ಹಿಂದೆಂದೂ ಬೆಳೆಯದಿದ್ದವು ಬೆಳೆದವು. ಇದೇ ಯುಕ್ತಿಯನ್ನು ಪರಿಷ್ಕರಿಸಿ ನೆಲದ ಮಣ್ಣಿಗೆ ಅನ್ವಯಿಸಿದಾಗ 2015ರಲ್ಲಿ ಟೀಕ್ಸೊಬ್ಯಾಕ್ಟಿನ್ ಎಂಬ ಪ್ರತಿಜೈವಿಕ ದೊರೆಯಿತು. ಕಡಲಿನ ವಿದ್ಯೆ ಹೀಗೆ ಮಣ್ಣಿಗೂ ನೆರವಾಯಿತು.

ಇಲ್ಲಿ ಓದುಗರಲ್ಲಿ ಒಂದು ಪ್ರಶ್ನೆ ಮೂಡಬಹುದು. ರೋಗಾಣುವನ್ನು ಕೊಲ್ಲುವ ವಿಷ ರೋಗಿಯನ್ನು ಕೊಲ್ಲುವುದಿಲ್ಲವೇ? ಬಹುತೇಕ ವಸ್ತುಗಳು ಕೊಲ್ಲುತ್ತವೆ. ಆದುದರಿಂದಲೇ ಅವು ಔಷಧವಾಗುವುದಿಲ್ಲ. ರೋಗಾಣುವಿನಲ್ಲಿದ್ದು ನಮ್ಮಲ್ಲಿಲ್ಲದ ಅಂಗಕ್ಕೆ ಮಾತ್ರ ತಗಲುವ ಬಾಣ ಬೇಕು. ಇದಕ್ಕೆ ಒಳ್ಳೆಯ ನಿದರ್ಶನ ‘ಅಬಿಸೊಮೈಸಿನ್ ಸಿ’. ಜಪಾನ್ ಸಮುದ್ರದಲ್ಲಿ 289 ಮೀಟರ್ ಆಳದ ಕೆಸರಿನಿಂದ ಬಂದ ವೆರುಕೊಸಿಸ್ಪೋರ ಎಂಬ ಬ್ಯಾಕ್ಟೀರಿಯಾದ ವಸ್ತುವಿದು. 2004ರಲ್ಲಿ ಜರ್ಮನಿಯ ವಿಜ್ಞಾನಿಗಳು ಪ್ರಕಟಿಸಿದರು. ಗರ್ಭಿಣಿಯರಿಗೆ ವೈದ್ಯರು ಫೋಲಿಕ್ ಆಮ್ಲದ ಮಾತ್ರೆ ಕೊಡುವುದನ್ನು ಎಲ್ಲರೂ ಬಲ್ಲರು. ಜೀವಕೋಶ ಇಮ್ಮಡಿಯಾಗಲು ಈ ಜೀವಸತ್ವ ಅತ್ಯಗತ್ಯ. ಮನುಷ್ಯರು ಅದನ್ನು ತಯಾರಿಸಲಾರರು. ಸೊಪ್ಪು, ಕಾಳುಗಳಿಂದ ಪಡೆಯುತ್ತಾರೆ. ಆದರೆ ಅನೇಕ ರೋಗಾಣುಗಳು ಅದನ್ನು ತಾವೇ ತಯಾರಿಸಿಕೊಳ್ಳಬೇಕು. ಆ ತಯಾರಿಕೆಯ ಒಂದು ಮೆಟ್ಟಿಲನ್ನೇ ಅಬಿಸೊಮೈಸಿನ್ ಮುರಿಯುತ್ತದೆ. ನಮ್ಮಲ್ಲಿ ಆ ಮೆಟ್ಟಿಲೇ ಇಲ್ಲವಾದ್ದರಿಂದ ಮುರಿಯಲು ಏನೂ ಇಲ್ಲ. ಹಳೆಯ ಸಲ್ಫಾ ಮಾತ್ರೆಗಳು ತಡೆಯುವುದೂ ಇದೇ ದಾರಿಯನ್ನೇ, ಆದರೆ ಬೇರೊಂದು ಮೆಟ್ಟಿಲಿನಲ್ಲಿ.

ಇಷ್ಟೆಲ್ಲ ಇದ್ದೂ, ಕಡಲ ಬ್ಯಾಕ್ಟೀರಿಯಾದಿಂದ ದೊರೆತ ಒಂದು ಪ್ರತಿಜೈವಿಕವೂ ನಮ್ಮ ಔಷಧದ ಅಂಗಡಿಯನ್ನು ಇನ್ನೂ ತಲಪಿಲ್ಲ. ಇದನ್ನು ಮರೆಮಾಚುವುದು ಸಲ್ಲದು. ತಟ್ಟೆಯ ಮೇಲೆ ರೋಗಾಣು ಸತ್ತ ವಲಯವನ್ನು ಕಂಡ ದಿನವೇ ಪತ್ರಿಕೆಗಳಲ್ಲಿ ‘ಮಹೌಷಧ’ ಎಂಬ ಸುದ್ದಿ ಬರುತ್ತದೆ. ನಿಜವಾದ ಕಷ್ಟ ಆ ಬಳಿಕವೇ ಆರಂಭವಾಗುವುದು. 2008ರಲ್ಲಿ ಫೆನಿಕಲ್ ಅವರ ತಂಡಕ್ಕೆ ದೊರೆತ ಮರಿನೋಪಿರೋಲ್ ಎಂಬ ವಸ್ತು ಔಷಧಕ್ಕೆ ಬಗ್ಗದ ಸ್ಟೆಫಿಲೊಕಾಕಸ್ ರೋಗಾಣುವನ್ನು ತಟ್ಟೆಯಲ್ಲಿ ಚೆನ್ನಾಗಿ ಕೊಂದಿತು. ಆದರೆ ಮನುಷ್ಯರ ರಕ್ತದ್ರವವನ್ನು ಬೆರೆಸಿದೊಡನೆ ಅದರ ಬಲ ಉಡುಗಿತು. 2013ರಲ್ಲಿ ಅದೇ ತಂಡ ಕ್ಯಾಲಿಫೋರ್ನಿಯಾ ತೀರದ ಕೆಸರಿನ ಜೀವಿಯಿಂದ ಪಡೆದ ‘ಆಂಥ್ರಸಿಮೈಸಿನ್’ ನೆರಡಿ ರೋಗದ, ಅಂದರೆ ಆಂಥ್ರಾಕ್ಸ್‌ನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ದನಕರು ಸಾಕುವವರಿಗೆ ಈ ರೋಗದ ಭಯಂಕರತೆ ಗೊತ್ತು. ಅದೂ ಇನ್ನೂ ಔಷಧವಾಗಿಲ್ಲ.

ಹಣದ ಪ್ರಶ್ನೆಯೂ ಇದೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ರೋಗಿ ಜೀವನಪರ್ಯಂತ ಕೊಳ್ಳುತ್ತಾನೆ. ಪ್ರತಿಜೈವಿಕವನ್ನು ಒಂದು ವಾರ. ಮೇಲಾಗಿ ಹೊಸ ಪ್ರತಿಜೈವಿಕವನ್ನು ಆದಷ್ಟು ಕಡಿಮೆ ಬಳಸಿ ಕಾಪಾಡಿಕೊಳ್ಳಬೇಕೆಂದು ವೈದ್ಯರೇ ಹೇಳುತ್ತಾರೆ. ಅಮೆರಿಕದ ಅಕೇಯೊಜೆನ್ ಎಂಬ ಕಂಪನಿ ತನ್ನ ಪ್ಲಾಜೊಮೈಸಿನ್ ಔಷಧಕ್ಕೆ 2018ರಲ್ಲಿ ಸರ್ಕಾರದ ಅನುಮತಿ ಪಡೆದು, ಒಂದು ವರ್ಷ ತುಂಬುವುದರೊಳಗೆ ದಿವಾಳಿಯಾಯಿತು. ಗೆದ್ದವರ ಗತಿಯೇ ಹೀಗಾದರೆ ಈ ಕಾರ್ಯವನ್ನು ಮಾರುಕಟ್ಟೆಗೆ ಮಾತ್ರ ಬಿಡುವುದು ತರವಲ್ಲವೆಂದು ನಮಗೆ ತೋರುತ್ತದೆ.

ಆಶಾದಾಯಕವಾದುದೊಂದನ್ನೂ ಹೇಳಬೇಕು. ಫ್ಲಾರಿಡಾದ ಕಡಲಿನಲ್ಲಿ ಬಂಡೆ, ಬೇರುಗಳಿಗೆ ಅಂಟಿಕೊಂಡು ಬದುಕುವ ಮೆತ್ತನೆಯ ‘ಕಡಲಚೀಲ’ವೊಂದಿದೆ. ಅದರಿಂದ ಟ್ರಬೆಕ್ಟೆಡಿನ್ ಎಂಬ ಕ್ಯಾನ್ಸರ್ ಔಷಧ ದೊರೆತು, 2007ರಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದಿತು. ಆದರೆ ಒಂದು ಗ್ರಾಂ ಔಷಧಕ್ಕೆ ಒಂದು ಟನ್ನಿನಷ್ಟು ಪ್ರಾಣಿಗಳು ಬೇಕಾಗುತ್ತಿದ್ದವು. ಆ ಔಷಧವನ್ನು ತಯಾರಿಸುವುದು ಪ್ರಾಣಿಯಲ್ಲ, ಅದರೊಳಗಿನ ಬ್ಯಾಕ್ಟೀರಿಯಾ ಎಂಬುದು ಅನಂತರ ತಿಳಿಯಿತು. ಅದೇ ಕಡಲಚೀಲದೊಳಗೆ ವಾಸಿಸುವ ಮೈಕ್ರೊಮೊನೊಸ್ಪೋರ ಎಂಬ ಇನ್ನೊಂದು ಬ್ಯಾಕ್ಟೀರಿಯಾದಿಂದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟಿಮ್ ಬಗ್ನಿ, ಡೇವಿಡ್ ಆಂಡಿಸ್ ಮುಂತಾದವರು 2020ರಲ್ಲಿ ‘ಟರ್ಬಿನ್‌ಮೈಸಿನ್’ ಪಡೆದರು. ಆಸ್ಪತ್ರೆಗಳಲ್ಲಿ ಹಬ್ಬುತ್ತಿರುವ, ಅನೇಕ ಔಷಧಗಳಿಗೆ ಜಗ್ಗದ ಕ್ಯಾಂಡಿಡಾ ಆರಿಸ್ ಎಂಬ ಶಿಲೀಂಧ್ರವನ್ನು ಅದು ಇಲಿಗಳಲ್ಲಿ ತಡೆದಿದೆ. ಬ್ಯಾಕ್ಟೀರಿಯಾವನ್ನು ತೊಟ್ಟಿಯಲ್ಲಿ ಬೆಳೆಸಬಹುದಾದ್ದರಿಂದ ಕಡಲಿನ ಪ್ರಾಣಿಗಳನ್ನು ರಾಶಿ ರಾಶಿಯಾಗಿ ಕೊಲ್ಲಬೇಕಿಲ್ಲ. ಒಂದು ಚಮಚ ಕೆಸರು, ಒಂದು ಬೆರಳಿನಷ್ಟು ಮಾದರಿ ಸಾಕು.

ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಇಂತಹ ಅಧ್ಯಯನಕ್ಕೆ ನೆಲೆಗಳಿವೆ. 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಗೋವೆಯಲ್ಲಿದೆ; ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಅಘನಾಶಿನಿಯ ಅಳಿವೆಯ ಕಾಂಡ್ಲಾ ಕಾಡು, ನೇತ್ರಾಣಿಯ ಹವಳದ ನೆಲೆಗಳು ಕೇವಲ ಪ್ರವಾಸಿಗರ ಛಾಯಾಚಿತ್ರಗಳಿಗಾಗಿ ಇರುವವಲ್ಲ.

ಹೊಸ ಔಷಧ ಬರುವವರೆಗೆ ಇರುವವನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಸಾಮಾನ್ಯ ನೆಗಡಿಗೆ ವೈರಸ್ ಕಾರಣ. ಪ್ರತಿಜೈವಿಕ ಅದನ್ನು ಮುಟ್ಟುವುದಿಲ್ಲ. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳಬಾರದು, ಪಕ್ಕದ ಮನೆಯವರಿಗೆ ಉಳಿದ ಮಾತ್ರೆಗಳನ್ನು ಕೊಡಲೂ ಬಾರದು. ಕೋಳಿ, ಹಂದಿಗಳ ಮೇವಿನಲ್ಲಿ ಬೆರೆಸುತ್ತಿದ್ದ ಕೊಲಿಸ್ಟಿನ್ ಎಂಬ ಕೊನೆಯ ಆಸರೆಯ ಔಷಧವನ್ನು ಭಾರತ ಸರ್ಕಾರ 2019ರಲ್ಲಿ ನಿಷೇಧಿಸಿತು. ಕೆಚ್ಚಲುಬಾವಿಗೆ ಔಷಧ ಪಡೆದ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಡೇರಿಗೂ ಹಾಕಬಾರದು, ಮನೆಯಲ್ಲೂ ಬಳಸಬಾರದು.

ಕಡಲ ನೀರಿನಲ್ಲಿ ಇಷ್ಟು ಔಷಧವಿದ್ದರೆ ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋದಾಗ ಹುಣ್ಣು ಗಾಯಗಳನ್ನು ಅದರಲ್ಲಿ ತೊಳೆಯಬಹುದೇ ಎಂದು ಕೇಳುವವರುಂಟು. ಖಂಡಿತ ಕೂಡದು. ಒಂದು ಲೋಟ ಕಡಲ ನೀರಿನಲ್ಲಿರುವ ಪ್ರತಿಜೈವಿಕದ ಪ್ರಮಾಣ ಯಾವ ಗಾಯಕ್ಕೂ ಸಾಲದು. ಬೆಚ್ಚಗಿನ ಕಡಲಿನಲ್ಲಿ ವಿಬ್ರಿಯೊ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾವೂ ಇರುತ್ತದೆ. ತೆರೆದ ಗಾಯದ ಮೂಲಕ ಒಳಹೊಕ್ಕರೆ ಒಂದೆರಡು ದಿನಗಳಲ್ಲೇ ಮಾಂಸವನ್ನು ಕೊಳೆಸಬಲ್ಲದು. ಯಕೃತ್ತಿನ ಕಾಯಿಲೆ ಮತ್ತು ಸಕ್ಕರೆ ಕಾಯಿಲೆಯುಳ್ಳವರಿಗೆ ಅಪಾಯ ಇನ್ನೂ ಹೆಚ್ಚು. ಗಾಯವಿರುವವರು ನೀರಿಗಿಳಿಯದಿರುವುದು ಕ್ಷೇಮ. ಇಳಿದ ಬಳಿಕ ಗಾಯದ ಸುತ್ತ ಕೆಂಪು, ಊತ, ಅತೀವ ನೋವು ಅಥವಾ ಜ್ವರ ಕಂಡರೆ ಊರಿಗೆ ಮರಳುವವರೆಗೆ ಕಾಯದೆ ಅಲ್ಲಿಯೇ ಸಮೀಪದ ಆಸ್ಪತ್ರೆಗೆ ಹೋಗಿ, ಕಡಲಿಗೆ ಇಳಿದಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.